ಜಿಂಕೆ ಯಾರ ಸೊತ್ತು?

ಕಳೆದ ಕಾರ್ತೀಕ ಮಾಸದ ಒಂದು ಮಧ್ಯಾಹ್ನ ನಾನು ತರಗತಿಯಲ್ಲಿ ಯಶೋಧರನ ಕಥೆಯನ್ನು ಹೇಳುತ್ತಿದ್ದೆ. ಹೊಯ್ಸಳರ ಆಸ್ಥಾನದಲ್ಲಿದ್ದ ಜನ್ನನು 1209ರಲ್ಲಿ ರಚಿಸಿದ ಕಾವ್ಯದ ಕಥೆ ಅದು. ತಾಯಿಯ ಒತ್ತಾಯಕ್ಕೆ ಮಣಿದ ಅರಸನು ಜೀವಂತ ಪ್ರಾಣಿಗೆ ಬದಲಾಗಿ ಹಿಟ್ಟಿನ ಕೋಳಿಯೊಂದನ್ನು ದೇವಿಗೆ ಬಲಿಕೊಡುತ್ತಾನೆ. ಕಡಿದದ್ದು ಹಿಟ್ಟೇ ಆದರೂ ಕಡಿಯಬೇಕೆಂಬ ಸಂಕಲ್ಪವು ನಿಜವಾಗಿದ್ದುದರಿಂದ ತಾಯಿಯೂ ಮಗನೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಬೇಕಾಗುತ್ತದೆ. ಕಥೆಯು ಇಲ್ಲಿಗೆ ಬಂದಾಗ ಹಿಂದಿನ ಸಾಲಿನ ಹುಡುಗನೊಬ್ಬನು ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದುದು ಕಣ್ಣಿಗೆ ಬಿದ್ದಿತು. ಎಬ್ಬಿಸಿ ಗದರಿಸಿದೆ. ಅವನು ಕಣ್ಣುಜ್ಜುತ್ತ ಎದ್ದು ನಿಂತು, "ರಾತ್ರಿಯೆಲ್ಲಾ ಅಟ್ಟಣೆ ಮೇಲಿದ್ದೆ ಸಾರ್" ಎಂದನು. ಅವರ ರಾಗಿಯ ಹೊಲವು ಕಾಡಿನ ಅಂಚಿನಲ್ಲಿದೆ. ತಂದೆಗೆ ಆರೋಗ್ಯ ಸರಿಯಿಲ್ಲದಿದ್ದರೆ ಕಾವಲು ಮಗನ ಪಾಲಿಗೆ ಬರುತ್ತದೆ.

ಕುಳಿತುಕೋ ಎಂದರೂ ಅವನು ಕುಳಿತುಕೊಳ್ಳಲಿಲ್ಲ. "ಹಿಟ್ಟಿನ ಕೋಳಿ ಕುಯ್ದೋರ್ಗೇ ಅಷ್ಟು ಪಾಪ ಬಂತು ಅಂತೀರಲ್ಲ ಸಾರ್, ಆ ಜಿಂಕೆಗಳೆಲ್ಲಾ ಸತ್ತೋದ್ರೆ ಸಾಕು ಅಂತ ರಾತ್ರಿಯೆಲ್ಲಾ ಅನ್ಕಂಡು ಕೂತಿದ್ನಲ್ಲ, ನಂಗೆಷ್ಟು ಬತ್ತದೆ?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು ಏನೋ ಒಂದು ಸಮಾಧಾನವನ್ನು ಹೇಳಿ ಪಾಠವನ್ನು ಮುಂದುವರಿಸಿದೆ. ಆ ಸಮಾಧಾನ ನನಗೇ ಸಮಾಧಾನವಾಗಲಿಲ್ಲ. ಈ ಬರಹವು ಆ ಹುಡುಗನಿಗೆ ಅಂದು ಕೊಡಲಾರದೆ ಹೋದ ಉತ್ತರದ ಹುಡುಕಾಟವೆಂದು ವಾಚಕರು ತಿಳಿಯಬೇಕು.

ಗಾಜನೂರೆಂದೊಡನೆ ಹೊರಗಿನವರಿಗೆ ನೆನಪಾಗುವುದು 1929ರಲ್ಲಿ ಹುಟ್ಟಿದ ರಾಜಕುಮಾರರು. ಇಲ್ಲಿ ಬಾಳುವವರಿಗೆ ನೆನಪಾಗುವುದು ಮಳೆ, ಸಂತೆಯ ಬೆಲೆ ಮತ್ತು ಕಾಡು. ಆಡಳಿತದಲ್ಲಿ ನಾವು ತಮಿಳುನಾಡಿನ ಈರೋಡು ಜಿಲ್ಲೆಯವರು. ಮಾತಿನಲ್ಲಿಯೂ ನಂಟಸ್ತಿಕೆಯಲ್ಲಿಯೂ ಚಾಮರಾಜನಗರದ ಸೀಮೆಯವರು. ಜಿಂಕೆಗೆ ಈ ಭೇದವೊಂದೂ ಇಲ್ಲ. ತಾಳವಾಡಿಯ ಬಯಲನ್ನು ಕಾಡು ಬಳಸಿ ನಿಂತಿದೆ. ಸತ್ಯಮಂಗಲದ ಅರಣ್ಯವು 2008ರಲ್ಲಿ ವನ್ಯಜೀವಿಧಾಮವಾಯಿತು, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದರ ವಿಸ್ತಾರವು 1,400 ಚದರ ಕಿಲೋಮೀಟರಿಗೂ ಮೇಲು. ಒಂದು ಕಡೆ ಅದು ಬಿಳಿಗಿರಿರಂಗನ ಬೆಟ್ಟಕ್ಕೂ ಇನ್ನೊಂದು ಕಡೆ ಮುದುಮಲೆ ಬಂಡೀಪುರಗಳಿಗೂ ಹೊಂದಿಕೊಂಡಿದೆ. ಆನೆ ಬಂದರೆ ಊರೇ ಏಳುತ್ತದೆ, ಮರುದಿನ ಪತ್ರಿಕೆಯಲ್ಲಿಯೂ ಬರುತ್ತದೆ. ಜಿಂಕೆ ಬಂದುದು ಗೊತ್ತಾಗುವುದು ಬೆಳಿಗ್ಗೆ, ಗೊರಸಿನ ಗುರುತಿನಿಂದ. ರಾಗಿಯ ಎಳೆಯ ಪೈರು, ಹುರುಳಿಯ ಕುಡಿ, ಅವರೆಯ ಹೂವು ಇವನ್ನು ಅದು ಗದ್ದಲವಿಲ್ಲದೆ ಕಚ್ಚಿಕೊಂಡು ಹೋಗುತ್ತದೆ. ಒಂದು ರಾತ್ರಿಯಲ್ಲಿ ಆಗುವ ನಷ್ಟವು ದೊಡ್ಡದಲ್ಲ. ಅಂಥ ರಾತ್ರಿಗಳು ಅರವತ್ತು ಎಪ್ಪತ್ತಾದಾಗ ಕಣದಲ್ಲಿ ತೂರಲು ಏನೂ ಉಳಿದಿರುವುದಿಲ್ಲ.

ಹಾಗಾದರೆ ಹೊಡೆಯಬಾರದೇಕೆ? ಕಾನೂನು ಒಪ್ಪುವುದಿಲ್ಲವೆಂಬುದು ಮೊದಲ ಉತ್ತರ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ಬಿಗಿಮಾಡಿತು. 1991ರ ತಿದ್ದುಪಡಿಯ ತರುವಾಯ ವಿನೋದಕ್ಕಾಗಿ ಪರವಾನಗಿ ಪಡೆದು ಬೇಟೆಯಾಡುವುದೆಂಬುದೇ ಇಲ್ಲವಾಯಿತು. ಬೆಳೆಗೋ ಪ್ರಾಣಕ್ಕೋ ಅಪಾಯವೊದಗಿದಾಗ ಕೆಲವು ಜಾತಿಯ ಮೃಗಗಳನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಉಂಟು, ಅದು ರೈತನದಲ್ಲ. ಈ ಕಾಯಿದೆಯಲ್ಲಿ ಒಂದು ವಿಚಿತ್ರವಿದೆ. ಸತ್ತು ಬಿದ್ದ ಜಿಂಕೆಯು ಸರಕಾರದ ಸೊತ್ತೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಬದುಕಿದ್ದು ನಮ್ಮ ರಾಗಿಯನ್ನು ಮೇಯುತ್ತಿರುವ ಜಿಂಕೆ ಯಾರದು ಎಂಬುದನ್ನು ಅಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ಸತ್ತೊಡನೆ ಒಡೆಯನು ಹುಟ್ಟಿಕೊಳ್ಳುವ ಸೊತ್ತು ಲೋಕದಲ್ಲಿ ಬೇರೊಂದಿದೆಯೋ ಇಲ್ಲವೋ ನಾನರಿಯೆ.

ಹೊರದೇಶಗಳಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳುಂಟು. ಕಾಡುಪ್ರಾಣಿ ಯಾರದೂ ಅಲ್ಲ, ಹಿಡಿದವನದು ಎಂದು ಪ್ರಾಚೀನ ರೋಮಿನ ನ್ಯಾಯ. ಅಮೆರಿಕದಲ್ಲಿ ಅದು ಜನರೆಲ್ಲರದು, ಸರಕಾರವು ಅವರ ಪರವಾಗಿ ನೋಡಿಕೊಳ್ಳುವ ಧರ್ಮದರ್ಶಿ ಮಾತ್ರ ಎಂಬ ಭಾವನೆ ಬಲವಾಗಿದೆ. ಜರ್ಮನಿಯಲ್ಲಿ ಬೇಟೆಯ ಹಕ್ಕು ನೆಲದ ಒಡೆಯನದು. ಆದರೆ 75 ಹೆಕ್ಟೇರಿಗೆ, ಎಂದರೆ ಸುಮಾರು 185 ಎಕರೆಗೆ, ಕಡಮೆಯಿರುವ ಹಿಡುವಳಿಯವನು ಆ ಹಕ್ಕನ್ನು ತಾನೊಬ್ಬನೇ ನಡೆಸಲಾಗದು. ಅಕ್ಕಪಕ್ಕದ ಸಣ್ಣ ಹಿಡುವಳಿಗಳೆಲ್ಲ ಸೇರಿ ಒಂದು ಬೇಟೆಯ ಸಂಘವಾಗುತ್ತವೆ. ಸಂಘವು ಬೇಟೆಗಾರನಿಗೆ ಗುತ್ತಿಗೆ ಕೊಡುತ್ತದೆ. ಜಿಂಕೆ ಹಂದಿಗಳು ಬೆಳೆಯನ್ನು ಹಾಳುಮಾಡಿದರೆ ಸಂಘವು ರೈತನಿಗೆ ನಷ್ಟ ತುಂಬಿಕೊಡಬೇಕು. ಸಾಮಾನ್ಯವಾಗಿ ಆ ಹೊರೆಯನ್ನು ಗುತ್ತಿಗೆದಾರನೇ ಹೊರುತ್ತಾನೆ. ಸಣ್ಣ ಹಿಡುವಳಿಗೆ ಜಿಂಕೆಯ ಹಿಂಡನ್ನು ಒಂದು ಹದದಲ್ಲಿಡುವ ಶಕ್ತಿಯಿಲ್ಲವೆಂಬುದು ಈ ಏರ್ಪಾಡಿನ ಮೂಲದಲ್ಲಿರುವ ತಿಳುವಳಿಕೆ. ಇಂದು ನನ್ನ ಬೇಲಿಯೊಳಗೆ ಮೇದ ಹಿಂಡು ನಾಳೆ ನೆರೆಯವನ ಹೊಲದಲ್ಲಿರುತ್ತದೆ. ನಾನೊಬ್ಬನು ಹೊಡೆದರೆ ಹಿಂಡು ತಗ್ಗುವುದಿಲ್ಲ. ನಾನೊಬ್ಬನು ಬಿಟ್ಟರೆ ಹೆಚ್ಚುವುದೂ ಇಲ್ಲ.

ಆ ದೇಶದಲ್ಲಿ ಹೆರ್ಮನ್ ಎಂಬೊಬ್ಬ ಗೃಹಸ್ಥನಿಗೆ ತಾಯಿಯಿಂದ ಎರಡು ತುಂಡು ನೆಲ ಬಂದಿತು. ಆತನಿಗೆ ಬೇಟೆಯು ಮನಸ್ಸಾಕ್ಷಿಗೆ ಒಗ್ಗದು. ಆದರೂ ಅವನ ನೆಲ ಸಣ್ಣದಾದ್ದರಿಂದ ಸಂಘದ ಬೇಟೆಗಾರನು ಅದರೊಳಗೆ ಬಂದೂಕು ಹಿಡಿದು ಬರಬಹುದಾಗಿತ್ತು. ಆತನು ನ್ಯಾಯಾಲಯಗಳ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದನು. ಕೊನೆಗೆ ಸ್ಟ್ರಾಸ್‌ಬರ್ಗಿನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2012ರ ಜೂನ್ 26ರಂದು ಅವನ ಕಡೆಗೆ ತೀರ್ಪು ಕೊಟ್ಟಿತು. ಕೊಲೆಯನ್ನು ಒಪ್ಪದವನ ನೆಲದ ಮೇಲೆ ಕೊಲೆಯನ್ನು ಸಹಿಸಿಕೊಳ್ಳೆಂದು ಬಲವಂತ ಮಾಡಬಾರದೆಂಬುದು ಅದರ ಸಾರ. ಮರುವರ್ಷ ಜರ್ಮನಿಯು ತನ್ನ ಕಾನೂನನ್ನು ತಿದ್ದಿತು. ಮನಸ್ಸಾಕ್ಷಿಯ ಕಾರಣವನ್ನು ತೋರಿಸಿ ಈಗ ನೆಲವನ್ನು ಬೇಟೆಯಿಂದ ಬಿಡಿಸಿಕೊಳ್ಳಬಹುದು. ಹಾಗೆ ಬಿಡಿಸಿಕೊಂಡವನಿಗೆ ತನ್ನ ಬೆಳೆ ಹಾಳಾದರೆ ಪರಿಹಾರವಿಲ್ಲ. ಅಷ್ಟೇ ಅಲ್ಲ, ನೆರೆಯವರ ಹೊಲಕ್ಕಾಗುವ ನಷ್ಟದಲ್ಲಿಯೂ ತನ್ನ ನೆಲದ ಪ್ರಮಾಣಕ್ಕೆ ತಕ್ಕ ಪಾಲನ್ನು ಅವನು ಸಾಮಾನ್ಯವಾಗಿ ತೆರಬೇಕು.

ಈ ಕೊನೆಯ ಮಾತನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕೊಲ್ಲೆನೆಂಬ ವ್ರತಕ್ಕೂ ಒಂದು ಖರ್ಚುಂಟು, ಆ ಖರ್ಚನ್ನು ವ್ರತ ಹಿಡಿದವನು ಕೊಡತಕ್ಕದ್ದು ಎಂಬುದನ್ನು ಇಷ್ಟು ನೇರವಾಗಿ ನಮ್ಮ ಯಾವ ಪಾಠದಲ್ಲಿಯೂ ನಾನು ಹೇಳಿಕೊಟ್ಟಿರಲಿಲ್ಲ.

ಆದರೆ ನಮ್ಮ ಹಿರಿಯರಿಗೆ ಇದು ತಿಳಿಯದ್ದೇನೂ ಅಲ್ಲ. ವ್ಯಾಸಭಾರತದ ವನಪರ್ವದಲ್ಲಿ ಒಂದು ಸಣ್ಣ ಪ್ರಸಂಗವಿದೆ. ದ್ವೈತವನದಲ್ಲಿ ಪಾಂಡವರು ಬೇಟೆಯಿಂದ ಜೀವಿಸುತ್ತಿದ್ದಾಗ ಒಂದು ರಾತ್ರಿ ಧರ್ಮರಾಯನ ಕನಸಿನಲ್ಲಿ ಜಿಂಕೆಗಳು ಬಂದು ಕಣ್ಣೀರಿಡುತ್ತವೆ. ತಾವು ಬೀಜಕ್ಕೆಂಬಷ್ಟೇ ಉಳಿದಿದ್ದೇವೆ, ನೀವು ಬೇರೆ ಕಡೆಗೆ ಹೋದರೆ ನಮ್ಮ ಕುಲ ಮತ್ತೆ ಬೆಳೆದೀತು ಎಂದು ಬೇಡುತ್ತವೆ. ಇನ್ನು ಮುಂದೆ ಬೇಟೆಯಾಡುವುದಿಲ್ಲವೆಂದು ಧರ್ಮರಾಯನು ಪ್ರತಿಜ್ಞೆ ಮಾಡುವುದಿಲ್ಲ. ಜಿಂಕೆಗಳೂ ಅದನ್ನು ಕೇಳುವುದಿಲ್ಲ. ಆತನು ತಮ್ಮಂದಿರನ್ನು ಕರೆದುಕೊಂಡು ಕಾಮ್ಯಕವನಕ್ಕೆ ಹೊರಟುಹೋಗುತ್ತಾನೆ. ಬೀಜ ಉಳಿಯಬೇಕೆಂಬ ಅರಿವು, ಅದಕ್ಕಾಗಿ ಗಂಟುಮೂಟೆ ಕಟ್ಟುವ ತೊಂದರೆಯನ್ನು ತಾನೇ ಪಡುವ ನ್ಯಾಯ, ಇವೆರಡೂ ಅಲ್ಲಿವೆ. ಕೌಟಿಲ್ಯನ ಅರ್ಥಶಾಸ್ತ್ರವು ಇನ್ನೊಂದು ಮುಖವನ್ನು ತೋರಿಸುತ್ತದೆ. ಅಭಯವನದಲ್ಲಿ ಮೃಗವನ್ನು ಹೊಡೆದವನಿಗೆ ದಂಡ. ಆದರೆ ಅಭಯ ಪಡೆದ ಮೃಗವೇ ದುಷ್ಟವಾದರೆ ರಕ್ಷಿತ ಸ್ಥಳದಿಂದ ಹೊರಗೆ ಅದನ್ನು ಹಿಡಿಯಬಹುದು, ಕೊಲ್ಲಬಹುದು ಎಂದು ಅಲ್ಲಿದೆ. ಅಂದೂ ಕಾಡಿನಂಚಿನಲ್ಲಿ ಯಾರೋ ಒಬ್ಬ ರೈತನು ದೂರು ಹೇಳಿಕೊಂಡಿರಬೇಕು.

ಎಲ್ಲಕ್ಕಿಂತ ನನ್ನನ್ನು ಕಾಡಿದುದು ಜಾತಕದ ನಿಗ್ರೋಧಮೃಗದ ಕಥೆ. ಅದರ ಮೊದಲ ಭಾಗವು ಎಲ್ಲರಿಗೂ ತಿಳಿದದ್ದೇ. ಕಾಶಿಯ ಅರಸನಿಗೆ ಬೇಟೆಯ ಹುಚ್ಚು; ದಿನವೂ ಜನರನ್ನು ಕೆಲಸ ಬಿಡಿಸಿ ಕಾಡಿಗೆ ಕರೆದೊಯ್ಯುತ್ತಾನೆ. ಬೇಸತ್ತ ಜನರು ಒಂದು ತೋಪಿನಲ್ಲಿ ಹುಲ್ಲು ಬೆಳೆಸಿ ನೀರು ತುಂಬಿಸಿ ಜಿಂಕೆಗಳನ್ನೆಲ್ಲ ಅದರೊಳಕ್ಕೆ ಅಟ್ಟಿ ಬಾಗಿಲು ಹಾಕುತ್ತಾರೆ. ಅರಸನ ಖಾಸಗಿ ಬೇಟೆಯ ನೆಲವೆಂದರೆ ಅದೇ. ಬಾಣದ ಭಯದಿಂದ ಓಡಿ ಹಲವು ಗಾಯಗೊಳ್ಳುವುದನ್ನು ಕಂಡು ಜಿಂಕೆಗಳು ಸರದಿಯನ್ನು ಏರ್ಪಡಿಸಿಕೊಳ್ಳುತ್ತವೆ. ಬಸುರಿ ಜಿಂಕೆಯೊಂದಕ್ಕೆ ಸರದಿ ಬಂದಾಗ ಹಿಂಡಿನ ಒಡೆಯನಾದ ಬೋಧಿಸತ್ವನು ತಾನೇ ಹೋಗಿ ಕೊರಳನ್ನೊಡ್ಡುತ್ತಾನೆ. ಅರಸನು ಕರಗಿ ಎಲ್ಲ ಪ್ರಾಣಿಗಳಿಗೂ ಅಭಯವನ್ನು ಕೊಡುತ್ತಾನೆ. ಪಠ್ಯಪುಸ್ತಕಗಳಲ್ಲಿ ಕಥೆ ಇಲ್ಲಿಗೆ ಮುಗಿಯುವುದುಂಟು.

ಮೂಲದಲ್ಲಿ ಮುಗಿಯುವುದಿಲ್ಲ. ಅಭಯ ಪಡೆದ ಜಿಂಕೆಗಳು ಹೊಲಗಳಿಗೆ ನುಗ್ಗಿ ಬೆಳೆಯನ್ನು ಮೇಯತೊಡಗುತ್ತವೆ. ಹೊಡೆಯುವಂತಿಲ್ಲ, ಅಟ್ಟುವಂತಿಲ್ಲ. ರೈತರು ಅರಮನೆಯ ಅಂಗಳದಲ್ಲಿ ಬಂದು ನಿಲ್ಲುತ್ತಾರೆ. ರಾಜ್ಯವನ್ನು ಬಿಟ್ಟೇನು, ಕೊಟ್ಟ ಮಾತನ್ನು ಬಿಡಲಾರೆ ಎಂದು ಅರಸನು ಹೇಳಿಬಿಡುತ್ತಾನೆ. ಮಾತು ಬಹಳ ದೊಡ್ಡದು. ಆದರೆ ಮೇಯಲ್ಪಡುತ್ತಿದ್ದುದು ಅರಸನ ಪೈರಲ್ಲ. ಕೊನೆಗೆ ಸಮಸ್ಯೆಯನ್ನು ಬಿಡಿಸುವುದು ಜಿಂಕೆಯೇ. ಪರರ ಬೆಳೆಯನ್ನು ಮುಟ್ಟಬೇಡಿರೆಂದು ಬೋಧಿಸತ್ವನು ತನ್ನ ಹಿಂಡಿಗೆ ಅಪ್ಪಣೆ ಮಾಡಿ, ಇನ್ನು ಬೇಲಿ ಬೇಡ, ಹೊಲದ ಸುತ್ತ ಎಲೆಯ ಗುರುತನ್ನು ಕಟ್ಟಿದರೆ ಸಾಕು ಎಂದು ರೈತರಿಗೆ ಹೇಳಿಕಳುಹಿಸುತ್ತಾನೆ. ಕಥೆಗಾರನು ಜಾಣನು. ಅರಸನ ಕರುಣೆಗೆ ರೈತನು ಬೆಲೆ ತೆರಬೇಕಾಗುತ್ತದೆಂಬುದನ್ನು ಕಂಡನು, ಬಚ್ಚಿಡಲಿಲ್ಲ. ಮನುಷ್ಯರಲ್ಲಿ ಅದಕ್ಕೆ ಉತ್ತರ ಸಿಗದೆ ಬೋಧಿಸತ್ವನ ಬಾಯಿಂದ ಹೇಳಿಸಿದನು. ನಮ್ಮ ತಾಳವಾಡಿಯ ಜಿಂಕೆಗಳಲ್ಲಿ ಬೋಧಿಸತ್ವನು ಇನ್ನೂ ಹುಟ್ಟಿಲ್ಲ.

ಬೇಟೆಯನ್ನು ಸಮರ್ಥಿಸುವವರು ಇನ್ನೊಂದು ಮಾತನ್ನು ಹೇಳುತ್ತಾರೆ. ಕೊಲ್ಲುವುದು ಜಿಂಕೆಯ ಹಿತಕ್ಕಾಗಿಯೇ. ಇಲ್ಲದಿದ್ದರೆ ಹಿಂಡು ಮಿತಿಮೀರಿ ಬೆಳೆದು, ಕಾಡನ್ನೆಲ್ಲ ಮೇದು, ಕೊನೆಗೆ ಹಸಿವಿನಿಂದ ಸಾಯುತ್ತದೆ ಎಂಬುದು ಆ ಮಾತು. ಇದನ್ನು ಸುಳ್ಳೆನ್ನುವಂತಿಲ್ಲ. ಅಮೆರಿಕದ ಕೈಬಾಬ್ ಎಂಬ ಎತ್ತರದ ಬಯಲು 1906ರಲ್ಲಿ ರಕ್ಷಿತ ಪ್ರದೇಶವಾಯಿತು. ಜಿಂಕೆಗಳನ್ನು ಕಾಪಾಡಬೇಕೆಂದು ತೋಳ, ಬೆಟ್ಟದ ಸಿಂಹಗಳನ್ನು ಹುಡುಕಿ ಹುಡುಕಿ ಕೊಂದರು. 1924ರ ಸುಮಾರಿಗೆ ಜಿಂಕೆಗಳು ಎಟುಕುವ ಹಸಿರನ್ನೆಲ್ಲ ತಿಂದು ಮುಗಿಸಿ ಗುಂಪುಗುಂಪಾಗಿ ಸತ್ತವು. ಅಂದು ಹೇಳಿದ ಲೆಕ್ಕಗಳಲ್ಲಿ ಉತ್ಪ್ರೇಕ್ಷೆಯಿತ್ತೆಂದು 1970ರಲ್ಲಿ ಕಾಗ್ಲಿ ಎಂಬ ವಿಜ್ಞಾನಿಯು ಎಚ್ಚರಿಸಿದನಾದರೂ ಹಸಿವಿನ ಸಾವುಗಳು ನಡೆದುವೆಂಬುದರಲ್ಲಿ ಸಂದೇಹವಿಲ್ಲ. ತೋಳಗಳು ಕಡಮೆಯಾದರೆ ಬೇಟೆಗಾರನಿಗೆ ಸ್ವರ್ಗವೆಂದು ತಾರುಣ್ಯದಲ್ಲಿ ನಂಬಿದ್ದ ಆಲ್ಡೊ ಲಿಯೊಪೋಲ್ಡ್, ತಾನು ಗುಂಡಿಟ್ಟ ತೋಳವೊಂದರ ಕಣ್ಣಿನ ಬೆಳಕು ಆರುವುದನ್ನು ಕಂಡು ಮನಸ್ಸು ಬದಲಿಸಿದ ಕಥೆಯನ್ನು ಬರೆದಿದ್ದಾನೆ. ಅದು ಅವನು ತೀರಿಕೊಂಡ ಮೇಲೆ 1949ರಲ್ಲಿ ಅಚ್ಚಾಯಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಳೆದ ಶತಮಾನದ ಆರಂಭದಲ್ಲಿ ಬ್ರಿಟಿಷರು ನಮ್ಮ ಚುಕ್ಕೆಯ ಜಿಂಕೆಯನ್ನೇ ಅಂಡಮಾನ್ ದ್ವೀಪಗಳಿಗೆ ಒಯ್ದು ಬಿಟ್ಟರು. ಅಲ್ಲಿ ಹುಲಿಯಿಲ್ಲ, ಚಿರತೆಯಿಲ್ಲ, ಸೀಳುನಾಯಿಯಿಲ್ಲ. ಅಲ್ಲಿನ ಕಾಡುಗಳಲ್ಲಿ ಎಳೆಯ ಸಸಿ ತಲೆಯೆತ್ತುವುದೇ ಕಷ್ಟವಾಗಿದೆ.

ಆದರೆ ಈ ವಾದವು ನಮ್ಮ ಬೆಟ್ಟಗಳಿಗೆ ಹೊಂದುವುದಿಲ್ಲ. ಇಲ್ಲಿ ಆ ಕೆಲಸಕ್ಕೆ ನೇಮಕಗೊಂಡವರು ಇನ್ನೂ ಇದ್ದಾರೆ. ನಾಗರಹೊಳೆಯಲ್ಲಿ ಬಹುಕಾಲ ಅಧ್ಯಯನ ಮಾಡಿದ ಉಲ್ಲಾಸ ಕಾರಂತರು ಹೇಳುವಂತೆ ಹುಲಿಯೊಂದಕ್ಕೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳು ಬೇಕು. ಹಾಗೆ ಸಿಗಬೇಕಾದರೆ ಅದರ ವಲಯದಲ್ಲಿ ಸುಮಾರು 500 ಇರಬೇಕು. ಎಂದರೆ ಹತ್ತರಲ್ಲೊಂದು ಪಾಲನ್ನು ಹುಲಿ ಪ್ರತಿ ವರ್ಷವೂ ತೆಗೆದುಕೊಳ್ಳುತ್ತಿದೆ. ಇದರ ಮೇಲೆ ಚಿರತೆಯ ಪಾಲು, ಸೀಳುನಾಯಿಯ ಪಾಲು. ಬ್ರಿಟಿಷರ ಕಾಲದಲ್ಲಿ ಸೀಳುನಾಯಿಯನ್ನು ಕೊಂದು ತಂದವರಿಗೆ ಇನಾಮು ಸಿಗುತ್ತಿತ್ತು. ಜಿಂಕೆಯ ಮೇಲಿನ ಮರುಕದಿಂದಲ್ಲ, ಜಿಂಕೆ ದೊರೆಗಳ ಬಂದೂಕಿಗೆ ಮೀಸಲಾಗಿರಲೆಂದು. ಆದ್ದರಿಂದ ಗಾಜನೂರಿನಲ್ಲಿ ನಿಂತು ಯಾರಾದರೂ ಜಿಂಕೆಯ ಹಿತಕ್ಕಾಗಿ ಜಿಂಕೆಯನ್ನು ಹೊಡೆಯಬೇಕೆಂದರೆ ನಾನು ಒಪ್ಪಲಾರೆ. ರಾಗಿಯ ಹಿತಕ್ಕಾಗಿ ಎಂದು ಹೇಳಲಿ; ಅದು ಪ್ರಾಮಾಣಿಕವಾದ ಮಾತು, ಅದಕ್ಕೆ ಉತ್ತರ ಕೊಡೋಣ.

ಉತ್ತರ ಕೊಡಲು ಜೈನರ ಶ್ರಾವಕಧರ್ಮವು ಮಾಡಿರುವ ಒಂದು ವಿಭಾಗವು ಸಹಾಯಕ್ಕೆ ಬರುತ್ತದೆ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪದ ಹಿಂಸೆ. ಅಡುಗೆ ಮನೆವಾರ್ತೆಗಳಲ್ಲಿ ಆಗುವುದು ಆರಂಭದ ಹಿಂಸೆ. ಉಳುಮೆ ಮೊದಲಾದ ವೃತ್ತಿಯಲ್ಲಿ ಆಗುವುದು ಉದ್ಯಮದ ಹಿಂಸೆ. ಮೇಲೆ ಬಿದ್ದವರಿಂದ ತನ್ನನ್ನೂ ತನ್ನದನ್ನೂ ಕಾಪಾಡಿಕೊಳ್ಳುವಾಗ ಆಗುವುದು ವಿರೋಧದ ಹಿಂಸೆ. ಗೃಹಸ್ಥನು ಪೂರ್ತಿಯಾಗಿ ಬಿಡಬೇಕಾದದ್ದು ಮೊದಲನೆಯದನ್ನು; ಉಳಿದವನ್ನು ಸಾಧ್ಯವಾದಷ್ಟು ತಗ್ಗಿಸಬೇಕು. ಹೀಗೆ ನೋಡಿದರೆ ಯಶೋಧರನ ಹಿಟ್ಟಿನ ಕೋಳಿಗೂ ನಮ್ಮ ಹುಡುಗನ ಶಾಪಕ್ಕೂ ಅಂತರವುಂಟು. ಅರಸನಿಗೆ ಕೋಳಿಯು ಏನೂ ಕೇಡು ಮಾಡಿರಲಿಲ್ಲ. ಹುಡುಗನು ಕಾಯುತ್ತಿದ್ದುದು ಮನೆಯವರ ಊಟವನ್ನು. ಬೇಟೆಯ ವಿನೋದಕ್ಕಾಗಿ ನೆಲವನ್ನು ಗುತ್ತಿಗೆ ಹಿಡಿದು ಕೋಡಿನ ಅಂದವನ್ನು ನೋಡಿ ಗುಂಡಿಡುವವನನ್ನೂ ಅಟ್ಟಣೆಯ ಮೇಲೆ ಚಳಿಯಲ್ಲಿ ತಗಡು ಬಡಿಯುವವನನ್ನೂ ಹಿಂಸಕರೆಂಬ ಒಂದೇ ಹೆಸರಿನಿಂದ ಕರೆಯುವುದು ಅವಿವೇಕ.

ಹಾಗೆಂದು ರೈತನು ಮಾಡಿದುದೆಲ್ಲ ಸರಿಯೆಂದೂ ನಾನು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಬೆಳಗಿನ ಜಾವ ಊರ ಹಿರಿಯರೊಬ್ಬರೊಡನೆ ನಡೆದು ಬರುತ್ತಿದ್ದಾಗ ಬೇಲಿಯ ಸಂದಿಯಲ್ಲಿ ಉರುಳಿಗೆ ಸಿಕ್ಕಿದ್ದ ಹೆಣ್ಣು ಜಿಂಕೆಯೊಂದನ್ನು ಕಂಡೆವು. ಉರುಳು ಹಂದಿಗೆಂದು ಒಡ್ಡಿದ್ದಿರಬೇಕು. ತಂತಿಯು ಹಿಂಗಾಲಿನ ಎಲುಬಿನವರೆಗೆ ಇಳಿದಿತ್ತು. ನಮ್ಮನ್ನು ಕಂಡು ಅದು ಒದ್ದಾಡಿದಷ್ಟೂ ಇನ್ನೂ ಇಳಿಯಿತು. ಹಿರಿಯರು ಕುಡುಗೋಲನ್ನು ಕೈಗೆ ತೆಗೆದುಕೊಂಡು, "ಒಂದೇ ಏಟು ಮೇಷ್ಟ್ರೇ, ನೀವು ಅತ್ಲಾಗಿ ತಿರುಕ್ಕಳಿ" ಎಂದರು. ನಾನು ಅವರ ಕೈಯನ್ನು ಹಿಡಿದೆ. ಸುದ್ದಿ ಕಳುಹಿಸಿ ಕಾದು ಕುಳಿತೆವು. ಜನ ಬರುವಷ್ಟರಲ್ಲಿ ಬಿಸಿಲೇರಿ ಅದು ತಾನಾಗಿಯೇ ಸತ್ತಿತ್ತು. ಅಂದು ನಾನು ಕೈ ಹಿಡಿದದ್ದು ಕರುಣೆಯಿಂದಲೋ, ಕಾನೂನಿನ ಹೆದರಿಕೆಯಿಂದಲೋ, ಅಥವಾ ರಕ್ತವನ್ನು ಕಾಣಲಾರದ ದೌರ್ಬಲ್ಯದಿಂದಲೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎರಡು ಗಂಟೆಗಳ ಆ ನೋವಿನಲ್ಲಿ ನನ್ನ ಅಹಿಂಸೆಯ ಪಾಲೆಷ್ಟೆಂದು ಹೇಳಬಲ್ಲವರು ಯಾರು? ಆದರೆ ಒಂದು ಮಾತು ಖಚಿತವಾಯಿತು. ಉರುಳು, ಬೇಲಿಗೆ ಹರಿಸುವ ವಿದ್ಯುತ್ತು, ಹಣ್ಣಿನೊಳಗೆ ಹುದುಗಿಸುವ ಸಿಡಿಮದ್ದು ಇವುಗಳಿಗೆ ಜಾತಿಯೂ ತಿಳಿಯದು, ಬಸುರಿಯೂ ತಿಳಿಯದು. ಹಂದಿಗೆಂದು ಹಾಕಿದುದರಲ್ಲಿ ಜಿಂಕೆ ಸಾಯುತ್ತದೆ, ಚಿರತೆ ಸಾಯುತ್ತದೆ, ಕತ್ತಲಲ್ಲಿ ನೀರು ಕಟ್ಟಲು ಹೋದ ನೆರೆಯವನೂ ಸತ್ತಾನು. ಎದುರು ನಿಂತು ಹೊಡೆಯುವವನು ತಾನು ಯಾರನ್ನು ಕೊಂದೆನೆಂದಾದರೂ ಬಲ್ಲನು. ಉರುಳನ್ನು ಒಡ್ಡಿ ಮನೆಗೆ ಹೋಗಿ ಮಲಗುವವನು ಸಂಕಲ್ಪವನ್ನು ತಂತಿಗೆ ವಹಿಸಿಬಿಡುತ್ತಾನೆ.

ಬಂದೂಕನ್ನು ಕೊಟ್ಟುಬಿಡಿ ಎನ್ನುವವರೂ ಇದ್ದಾರೆ. ನಮ್ಮ ಊರಿನವರಿಗೆ ಅದು ಹಗುರವಾದ ಮಾತಲ್ಲ. 2000ದ ಜುಲೈ 30ರ ರಾತ್ರಿ ಇದೇ ಊರಿನ ಮನೆಯಿಂದ ರಾಜಕುಮಾರರನ್ನು ಬಂದೂಕಿನ ಬಲದಿಂದ ಕರೆದೊಯ್ದರು. ಅವರು ಬಿಡುಗಡೆ ಹೊಂದಲು 108 ದಿನಗಳು ಹಿಡಿದುವು. ಕಾಡಿನ ಬಂದೂಕು ಕಾಡುಪ್ರಾಣಿಯ ಕಡೆಗೆ ಮಾತ್ರ ತಿರುಗಿರುತ್ತದೆಂದು ನಮ್ಮಲ್ಲಿ ಯಾರೂ ನಂಬುವುದಿಲ್ಲ.

ಹಾಗಾದರೆ ನಷ್ಟವನ್ನು ಹೊರುವವರು ಯಾರು? 2025ರ ಜನವರಿಯಲ್ಲಿ ತಮಿಳುನಾಡು ಸರಕಾರವು ಕಾಡುಹಂದಿಯ ವಿಷಯದಲ್ಲಿ ಒಂದು ಆಜ್ಞೆಯನ್ನು ಹೊರಡಿಸಿತು. ಮೀಸಲು ಅರಣ್ಯದಿಂದ 3 ಕಿಲೋಮೀಟರಿನಾಚೆ ಬಂದ ಹಂದಿಯನ್ನು ಇಲಾಖೆಯವರು ಗುಂಡಿಟ್ಟು ಕೊಲ್ಲಬಹುದು. 1ರಿಂದ 3 ಕಿಲೋಮೀಟರಿನೊಳಗಾದರೆ ಹಿಡಿದು ಕಾಡಿಗೆ ಬಿಡಬೇಕು. 1 ಕಿಲೋಮೀಟರಿನೊಳಗಾದರೆ ಕೊಲ್ಲುವಂತಿಲ್ಲ. ಕಾಡಿನ ಹಿತದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಕಾಡಿನ ಅಂಚು ಪ್ರಾಣಿಯ ಮನೆಯ ಜಗಲಿಯಿದ್ದಂತೆ. ಆದರೆ ಆ ಒಂದು ಕಿಲೋಮೀಟರಿನಲ್ಲಿ ವಾಸಿಸುವವರೇ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರು. ಹಂದಿಯ ಗತಿಯೇ ಹೀಗೆಂದಮೇಲೆ ಜಿಂಕೆಯ ಮಾತನ್ನು ಕೇಳುವುದೇ ಬೇಡ.

ಇಲ್ಲಿ ಹೆರ್ಮನ್ನನ ಮೊಕದ್ದಮೆಯು ಮತ್ತೆ ನೆನಪಾಗುತ್ತದೆ. ಕೊಲ್ಲೆನೆಂದವನು ತನ್ನ ನೆಲದ ಅಳತೆಗೆ ತಕ್ಕಂತೆ ನೆರೆಯವನ ನಷ್ಟದಲ್ಲಿ ಪಾಲುಗೊಳ್ಳಬೇಕೆಂಬುದು ಅಲ್ಲಿನ ನ್ಯಾಯ. ನಮ್ಮಲ್ಲಿ 1972ರಲ್ಲಿ ಕೊಲ್ಲಬಾರದೆಂದು ಸಂಕಲ್ಪ ಮಾಡಿದುದು ಇಡೀ ದೇಶ. ಚೆನ್ನೈಯವನೂ ಬೆಂಗಳೂರಿನವನೂ ದೆಹಲಿಯವನೂ ಆ ವ್ರತದಲ್ಲಿ ಭಾಗಿಗಳು. ರಜೆಯಲ್ಲಿ ಬಂಡೀಪುರಕ್ಕೆ ಬಂದು ಜಿಂಕೆಯ ಕಣ್ಣನ್ನು ಕೊಂಡಾಡುವವರು ಅವರೇ. ವ್ರತದ ಖರ್ಚಿನಲ್ಲಿ ಮಾತ್ರ ದೊಡ್ಡ ಪಾಲು ಎರಡು ಎಕರೆ ರಾಗಿಯವನದು. ಪರಿಹಾರವಿದೆಯಲ್ಲ ಎಂದರೆ, ಇದೆ. ಆದರೆ ಆನೆ ತುಳಿದ ಬಾಳೆಯನ್ನು ತೋರಿಸುವುದು ಸುಲಭ, ಜಿಂಕೆ ತಿಂದ ಕುಡಿಯನ್ನು ತೋರಿಸುವುದು ಹೇಗೆ? ರಾತ್ರಿಯ ನಿದ್ದೆಗೆ, ಹುಡುಗನು ತಪ್ಪಿಸಿಕೊಂಡ ಪಾಠಕ್ಕೆ ಯಾವ ದರ? ಪರಿಹಾರವನ್ನು ದಾನವೆಂದು ಭಾವಿಸುವವರೆಗೂ ಅದು ಕಡಮೆಯಾಗಿಯೇ ಇರುತ್ತದೆ, ತಡವಾಗಿಯೇ ಬರುತ್ತದೆ. ಅದನ್ನು ಸಾಲವೆಂದು ಎಣಿಸಿದರೆ ಕೇಳುವವನ ದನಿಯೂ ಕೊಡುವವನ ದನಿಯೂ ಬೇರೆಯಾಗುತ್ತದೆ.

ಹೀಗಾಗಿ ನನ್ನ ಅಭಿಪ್ರಾಯವಿಷ್ಟು. ನಮ್ಮ ಬೆಟ್ಟದಲ್ಲಿ ಜಿಂಕೆಯನ್ನು ಕೊಲ್ಲುವ ಹಕ್ಕನ್ನು ರೈತನಿಗೆ ಕೊಡುವುದು ಬೇಡ. ಹುಲಿ ಅದನ್ನು ನಡೆಸುತ್ತಿದೆ, ಎರಡು ಎಕರೆಯ ಅಳತೆಗೆ ಆ ಹಕ್ಕಿನಿಂದ ಆಗುವ ಪ್ರಯೋಜನವೂ ಸ್ವಲ್ಪ. ಆದರೆ ಆ ಹಕ್ಕಿಲ್ಲದವನಿಗೆ ಪಾಪಪುಣ್ಯದ ಉಪದೇಶವನ್ನು ಮಾಡುವ ಮೊದಲು ಅವನಿಗೆ ಸಲ್ಲಬೇಕಾದುದು ಸಂದಿದೆಯೇ ಎಂದು ಕೇಳಬೇಕು. ಹೊಟ್ಟೆ ತುಂಬಿ ಮೇಜಿನ ಹಿಂದೆ ನಿಂತಿರುವ ಉಪಾಧ್ಯಾಯನಿಗೂ ಇದು ಅನ್ವಯಿಸುತ್ತದೆ. ಇದರಲ್ಲಿ ಒಂದು ಎಡವಟ್ಟೂ ಇದೆ, ಒಪ್ಪಿಕೊಳ್ಳುತ್ತೇನೆ. ಜಿಂಕೆ ಎಲ್ಲರದೂ ಎಂದು ಹಣ ಕೊಡಹೊರಟರೆ, ಹಣ ಕೊಟ್ಟವರೆಲ್ಲ ನಾಳೆ ಅದರ ಮೇಲೆ ಹಕ್ಕು ಹೇಳಬಹುದು. ಅದಕ್ಕೆ ನನ್ನಲ್ಲಿ ಸಿದ್ಧವಾದ ಉತ್ತರವಿಲ್ಲ.

ಆ ಹುಡುಗನಿಗೆ ಈ ಮಾತುಗಳನ್ನೆಲ್ಲ ಹೇಳಲಾಗಲಿಲ್ಲ. ಒಂದು ದಿನ ನಿಗ್ರೋಧಮೃಗದ ಕಥೆಯನ್ನು ಪೂರ್ತಿಯಾಗಿ, ಬೆಳೆ ಮೇದ ಭಾಗವನ್ನೂ ಸೇರಿಸಿ, ಹೇಳಿದೆ. ಅವನು ಈ ಸಲ ನಿದ್ದೆಮಾಡಲಿಲ್ಲ. ಮುಗಿದ ಮೇಲೆ, "ಯಾವ ಮರದ ಎಲೆ ಸಾರ್?" ಎಂದು ಕೇಳಿದನು. ಕಥೆಯಲ್ಲಿ ಹೆಸರು ಹೇಳಿಲ್ಲ ಎಂದೆ. ಮರುದಿನ ಅವನು ಶಾಲೆಗೆ ಬರಲಿಲ್ಲ. ರಾಗಿಯ ಕೊಯ್ಲಿಗೆ ಇನ್ನೂ ಮೂರು ವಾರವಿತ್ತು.